ಸೀಲಿಂಗ್ ಒಳಗೆ ಹೀಟಿಂಗ್ ವೈರ್ ಇದ್ಯಾ? ಹುಕ್ ಹಾಕೋಕೆ ಡ್ರಿಲ್ ಎತ್ತೋ ಮುಂಚೆ ಇದನ್ನ ಓದಿ

ಸೀಲಿಂಗಿಗೆ ನಾಲ್ಕು ಹುಕ್ ಹಾಕಿ ಸೈಕಲ್ಲೋ ಏಣಿಯೋ ಟೆಂಟ್ ಬ್ಯಾಗೋ ನೇತುಹಾಕೋದು ಮಾಮೂಲಿ ಮನೇಲಿ ಅರ್ಧ ಗಂಟೆ ಕೆಲಸ. ಸೀಲಿಂಗೇ ಹೀಟರ್ ಆಗಿರೋ ಮನೇಲಿ ಅದಕ್ಕೆ ಎರಡು ದಿನ ಇಟ್ಕೊಳ್ಳಿ. ಅದ್ರಲ್ಲಿ ಒಂದೂಮುಕ್ಕಾಲು ದಿನ ಬರೀ ಹುಡುಕೋದು, ಅಳೆಯೋದು, ಗುರುತು ಹಾಕೋದು, ಡ್ರಿಲ್ ತಿರುಗೋದು ಕೊನೇ ಹತ್ತು ನಿಮಿಷ ಅಷ್ಟೇ.

ಇದನ್ನ ನಾನು ಕಲಿತಿದ್ದು ಬೇರೆಯವರು ಮಾಡಿದ ತಪ್ಪಿಂದ. ಈ ಮನೆಗೆ ಬಂದಾಗ ಒಂದು ರೂಮು ಎಷ್ಟು ಥರ್ಮೋಸ್ಟಾಟ್ ಏರಿಸಿದ್ರೂ ಬೆಚ್ಚಗಾಗ್ತಾನೇ ಇರ್ಲಿಲ್ಲ, ಬ್ರೇಕರ್ ಸರಿಯಿದೆ, ಥರ್ಮೋಸ್ಟಾಟ್ ಸರಿಯಿದೆ, ಕೊನೆಗೆ ಮೀಟರ್ ಹಿಡಿದು ನೋಡಿದ್ರೆ ಕೇಬಲ್ ಎಲ್ಲೋ ಮಧ್ಯದಲ್ಲಿ ತುಂಡಾಗಿದೆ. ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಹಿಂದೆ ಇದ್ದವರು ಗಿಡದ ಕುಂಡ ನೇತುಹಾಕೋಕೆ ಹಾಕಿದ್ದ ಒಂದೇ ಒಂದು ಹುಕ್ಕು, ಗೋಡೆಯಿಂದ ಒಂದು ಗೇಣು ದೂರದಲ್ಲಿ. ಅವರೇನೂ ಬೇಕಾಬಿಟ್ಟಿ ಹಾಕಿರ್ಲಿಲ್ಲ ಪಾಪ, ಸರಿಯಾಗಿ ಮರದ ಜಂತೆ ನೋಡ್ಕೊಂಡೇ ಹಾಕಿದ್ರು. ಜಂತೆಗೇ ಹಾಕಿದ್ರೂ ವೈರ್ ಹೇಗೆ ತುಂಡಾಯ್ತು ಅನ್ನೋದೇ ಈ ಬರಹದ ಮುಖ್ಯ ವಿಷಯ, ಸ್ವಲ್ಪ ಕೆಳಗೆ ಬರತ್ತೆ.

ಮೊದ್ಲು, ಮೇಲೆ ಏನಿದೆ ಅಂತ ಗೊತ್ತು ಮಾಡ್ಕೊಳ್ಳಿ

ರೂಮಿಗೊಂದು ಥರ್ಮೋಸ್ಟಾಟ್ ಇದೆ, ಆದ್ರೆ ಗೋಡೆ ಪಕ್ಕ ಹೀಟರ್ ಇಲ್ಲ, ಬಿಸಿಗಾಳಿ ಬರೋ ಜಾಲರಿ ಇಲ್ಲ, ನೆಲ ತಣ್ಣಗೇ ಇದೆ, ಆದ್ರೂ ತಲೆ ಮೇಲೆ ಬಿಸಿಲು ಬಿದ್ದಂಗೆ ಅನ್ಸತ್ತೆ ಅಂದ್ರೆ ಹೀಟರ್ ಸೀಲಿಂಗಲ್ಲೇ ಇದೆ. ಉತ್ತರ ಅಮೆರಿಕದಲ್ಲಿ 1950ರಿಂದ 1970ರ ದಶಕದವರೆಗೆ ಕಟ್ಟಿದ ಮನೆಗಳಲ್ಲಿ ಇದು ಚೆನ್ನಾಗೇ ಬಳಕೇಲಿತ್ತು. ಬ್ರೇಕರ್ ಬಾಕ್ಸ್ ತೆಗೆದು ನೋಡಿದ್ರೆ ರೂಮಿನ ಹೆಸರು ಬರೆದಿರೋ ಜೋಡಿ ಬ್ರೇಕರ್‌ಗಳು ಸಾಲಾಗಿ ಕಾಣತ್ತೆ, ಅದೂ ಒಂದು ಸುಳಿವು.

ಮೂರು ಥರ ಇರಬಹುದು. ಹಳೇ ಮನೆಗಳಲ್ಲಿ ಜಾಸ್ತಿ ಸಿಗೋದು ಕೇಬಲ್: ಜಿಪ್ಸಮ್ ಬೋರ್ಡ್ ಮೇಲೆ ತೆಳ್ಳಗಿನ ಕೇಬಲ್ ಹಾವಿನ ಥರ ಹಾಸಿ ಸ್ಟೇಪಲ್ ಹೊಡೆದು, ಅದರ ಮೇಲೆ ಪ್ಲಾಸ್ಟರ್ ಬಳಿದಿರ್ತಾರೆ ಅಥವಾ ಇನ್ನೊಂದು ಬೋರ್ಡ್ ಮುಚ್ಚಿರ್ತಾರೆ. ಎರಡನೇದು ಹಾಳೆ ಥರದ ಫಿಲ್ಮ್, ಅದು ಬೋರ್ಡ್ ಮೇಲ್ಗಡೆ ಎರಡು ಜಂತೆ ಮಧ್ಯ ಹರಡಿರತ್ತೆ. ಮೂರನೇದು ಬಿಸಿನೀರಿನ ಪೈಪು, ಅದಕ್ಕೆ ತೂತು ಬಿದ್ರೆ ಶಾಕ್ ಬದ್ಲು ಸ್ನಾನ. ಇಲ್ಲಿ ಹೇಳೋದು ಮುಖ್ಯವಾಗಿ ಮೊದಲ್ನೇದರ ಬಗ್ಗೆ, ಆದ್ರೆ ಹುಡುಕೋ ವಿಧಾನ ಮೂರಕ್ಕೂ ಹೆಚ್ಚುಕಮ್ಮಿ ಒಂದೇ. ಜಂತೆಯೇ ಇಲ್ಲದ ಕಾಂಕ್ರೀಟ್ ಸೀಲಿಂಗ್ ಒಳಗೆ ಕೇಬಲ್ ಹೂತಿದ್ರೆ ಮಾತ್ರ ಅಲ್ಲಿ ತೂತು ಹಾಕೋ ಯೋಚನೆನೇ ಬಿಟ್ಬಿಡಿ.

ಕೇಬಲ್ ಎಷ್ಟಿರತ್ತೆ ಅಂತ ಒಂದು ಲೆಕ್ಕ ಹಾಕೋಣ. ಇಂಥ ಕೇಬಲ್ ಮೀಟರಿಗೆ ಸುಮಾರು 9 ವ್ಯಾಟ್ ಬಿಸಿ ಕೊಡತ್ತೆ, ಹಾಗಾಗಿ 1,800 ವ್ಯಾಟ್‌ನ ಒಂದು ರೂಮಿಗೆ 200 ಮೀಟರ್ ಕೇಬಲ್ ಬೇಕು. ಇನ್ನೂರು ಮೀಟರ್, ಒಂದೇ ರೂಮಿನ ಸೀಲಿಂಗಲ್ಲಿ! ಒತ್ತೊತ್ತಾಗಿ ಹಾಸಿರೋ ಕಡೆ ಸಾಲಿಂದ ಸಾಲಿಗೆ 38 ಮಿಮೀ ಅಷ್ಟೇ ಇರತ್ತೆ. ನೀವು 6 ಮಿಮೀ ಡ್ರಿಲ್ ಬಿಟ್ ಹಿಡ್ಕೊಂಡಿದೀರ, ಕೇಬಲ್ ದಪ್ಪ 3 ಮಿಮೀ ಅಂದ್ಕೊಳ್ಳಿ, ಕಣ್ಮುಚ್ಚಿ ಎಲ್ಲೋ ಒಂದು ಕಡೆ ತೂತು ಹಾಕಿದ್ರೆ ನಾಲ್ಕರಲ್ಲಿ ಒಂದು ಸಲ ಕೇಬಲ್‌ಗೆ ತಾಗತ್ತೆ. ನಾಲ್ಕು ಹುಕ್ ಹಾಕಿದ್ರೆ ಏನಾಗತ್ತೆ ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ.

ಈ ಕೇಬಲ್ ಶುರುವಿಂದ ಕೊನೆವರೆಗೆ ಒಂದೇ ಎಳೆ, ಹಳೇ ಸೀರಿಯಲ್ ಲೈಟ್ ಥರ, ಒಂದು ಕಡೆ ತುಂಡಾದ್ರೆ ಇಡೀ ರೂಮು ತಣ್ಣಗೆ. ಪೂರ್ತಿ ತುಂಡಾದ್ರೆ ಒಂದು ರೀತೀಲಿ ಅದೃಷ್ಟ ಅಂತೀನಿ ನಾನು, ಯಾಕಂದ್ರೆ ತಕ್ಷಣ ಗೊತ್ತಾಗತ್ತೆ. ಬರೀ ಇನ್ಸುಲೇಶನ್ ತರಚಿ ವೈರ್ ಅರ್ಧ ಕುಯ್ದಿದ್ರೆ ಹೀಟರ್ ನಡೀತಾನೇ ಇರತ್ತೆ, ಆ ಒಂದು ಜಾಗ ಮಾತ್ರ ವಿಪರೀತ ಕಾಯ್ತಾ ಇರತ್ತೆ, ಇಲ್ಲಾಂದ್ರೆ ನೀವು ಹಾಕಿದ ಲೋಹದ ಹುಕ್ಕಿಗೇ ಕರೆಂಟ್ ಬಂದು ಕೂತಿರತ್ತೆ. ಶಾಕು, ಬೆಂಕಿ ಎರಡೂ ಇಲ್ಲೇ ಶುರುವಾಗೋದು.

ಜಂತೆ ಕೆಳಗೆ ಸೇಫಾ? ಹೌದು, ಆದ್ರೆ ಎಲ್ಲಾ ಕಡೆ ಅಲ್ಲ

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನಲ್ಲಿ ಇದಕ್ಕೆ ನಿಯಮ ಇದೆ, 424ನೇ ಆರ್ಟಿಕಲ್. ಸೀಲಿಂಗಲ್ಲಿ ಕೇಬಲನ್ನ ಜಂತೆಗೆ ಸಮಾನಾಂತರವಾಗಿ ಹಾಸ್ಬೇಕು, ಪ್ರತಿ ಜಂತೆ ಕೆಳಗೂ 65 ಮಿಮೀ ಅಗಲ ಖಾಲಿ ಬಿಡ್ಬೇಕು. ಬೋರ್ಡಿನ ಸ್ಕ್ರೂ ಮೊಳೆ ಜಂತೆಗೇ ತಾನೆ ಹೋಗೋದು, ಅದಕ್ಕೆ ಆ ಪಟ್ಟಿ. ಆದ್ದರಿಂದ ಹುಕ್ ಹಾಕೋಕೆ ಇರೋ ಒಂದೇ ಜಾಗ ಜಂತೆಯ ನಡುಗೆರೆ. ಜಂತೆ ಸಾಮಾನ್ಯವಾಗಿ 38 ಮಿಮೀ ಅಗಲ, ಒಂದರ ನಡುವಿಂದ ಇನ್ನೊಂದರ ನಡುವಿಗೆ 400 ಅಥವಾ 600 ಮಿಮೀ.

ಈಗ ಆ ಗಿಡದ ಹುಕ್ಕಿನ ವಿಷಯಕ್ಕೆ ಬನ್ನಿ. ಕೇಬಲ್ ಒಂದೇ ಎಳೆ ಅಂದ್ನಲ್ಲ, ಹಾಗಿದ್ರೆ ಒಂದು ಸಂದಿಂದ ಪಕ್ಕದ ಸಂದಿಗೆ ಅದು ಹೇಗೆ ಹೋಗತ್ತೆ? ಎಲ್ಲೋ ಒಂದು ಕಡೆ ಜಂತೆ ದಾಟಲೇಬೇಕು. ಅದು ದಾಟೋದು ರೂಮಿನ ಅಂಚಲ್ಲಿ, ಜಂತೆ ಹೋಗಿ ಗೋಡೆಗೆ ಸೇರೋ ಆ ಎರಡು ತುದೀಲಿ. ಉಳುಮೆ ಮಾಡೋವಾಗ ಎತ್ತು ಗದ್ದೆ ಬದುವಿನ ಹತ್ರ ತಿರುಗತ್ತಲ್ಲ ಹಾಗೆ. ಮಧ್ಯದಲ್ಲಿ ಜಂತೆ ಕೆಳಗೆ ಸೇಫು, ಆ ತಿರುವಿನ ಜಾಗದಲ್ಲಿ ಅದೇ ಜಂತೆ ಕೆಳಗೆ ಕೇಬಲ್ ಅಡ್ಡ ಹಾದಿರತ್ತೆ. ಅದಕ್ಕೇ ನಾನು ಆ ಎರಡು ಗೋಡೆಗಳಿಂದ ಕನಿಷ್ಠ 600 ಮಿಮೀ ಒಳಗೆ ಬಂದ ಮೇಲೇ ಹುಕ್ ಬಗ್ಗೆ ಯೋಚನೆ ಮಾಡೋದು. ಇದು ಕೋಡ್ ಹೇಳಿದ ಅಂಕಿ ಅಲ್ಲ, ನನ್ನ ಪುಕ್ಕಲುತನದ ಅಂಕಿ. ಮತ್ತೆ ಕೋಡ್‌ನಲ್ಲಿ ಇದೆ ಅಂದ ಮಾತ್ರಕ್ಕೆ ನಿಮ್ಮ ಮನೆ ಕಟ್ಟಿದವನು ಹಾಗೇ ಮಾಡಿದಾನೆ ಅಂತ ನಂಬಬೇಡಿ, ಕಣ್ಣಲ್ಲಿ ನೋಡಿನೇ ತೀರ್ಮಾನ ಮಾಡಿ.

ಶುರು ಮಾಡೋ ಮುಂಚೆ ಮೀಟರ್ ಹಿಡೀರಿ

ಇದನ್ನ ಎಲ್ಲರೂ ಹಾರಿಸ್ತಾರೆ, ಆಮೇಲೆ ಪರದಾಡ್ತಾರೆ. ಕೆಲಸಕ್ಕೆ ಮುಂಚೆ ಕೇಬಲ್‌ನ ಓಮ್ (ಕರೆಂಟ್ ಹರಿಯೋಕೆ ವೈರ್ ಒಡ್ಡೋ ತಡೆಯ ಅಳತೆ) ಅಳೆದು ಬರೆದಿಟ್ಕೊಳ್ಳಿ, ತೂತು ಹಾಕಿದ ಮೇಲೆ ಮತ್ತೆ ಅಳೀರಿ, ಅಂಕಿ ಬದಲಾಗಿಲ್ಲ ಅಂದ್ರೆ ವೈರ್ ತುಂಡಾಗಿಲ್ಲ.

ಮೊದ್ಲು ಬ್ರೇಕರ್ ಆಫ್ ಮಾಡಿ. ಥರ್ಮೋಸ್ಟಾಟ್ ತಗ್ಗಿಸಿದ್ರೆ ಸಾಲಲ್ಲ! 240 ವೋಲ್ಟ್‌ನ ಲೈನಿಗೆ ಎರಡು ಲೈವ್ ತಂತಿ ಇರತ್ತೆ, ಹಳೇ ಸಿಂಗಲ್ ಪೋಲ್ ಥರ್ಮೋಸ್ಟಾಟ್ ಅದ್ರಲ್ಲಿ ಒಂದನ್ನ ಮಾತ್ರ ಕಡಿಯತ್ತೆ, ಇನ್ನೊಂದರಿಂದ ಇಡೀ ಸೀಲಿಂಗ್ ಕೇಬಲ್ ಲೈವ್ ಆಗೇ ಇರತ್ತೆ. ಸೀಲಿಂಗ್ ತಣ್ಣಗಿದೆ ಅಂತ ಕೈ ಹಾಕಿದ್ರೆ ಕಥೆ ಮುಗೀತು. ಜೋಡಿ ಬ್ರೇಕರ್ ಆಫ್ ಮಾಡಿ, ಯಾರೂ ಆನ್ ಮಾಡದಂಗೆ ಟೇಪ್ ಹಚ್ಚಿ ಚೀಟಿ ಅಂಟಿಸಿ, ಥರ್ಮೋಸ್ಟಾಟ್ ಬಿಚ್ಚಿ ಅಲ್ಲಿರೋ ಪ್ರತಿ ತಂತೀಲೂ ವೋಲ್ಟೇಜ್ ಇಲ್ಲ ಅಂತ ಮೀಟರ್‌ನಲ್ಲಿ ನೋಡಿ. ಆ ಮೀಟರ್ ಕೆಲಸ ಮಾಡ್ತಿದ್ಯಾ ಅಂತ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಲೈವ್ ಇರೋ ಪ್ಲಗ್ಗಲ್ಲಿ ಚೆಕ್ ಮಾಡಿ. ಇಷ್ಟು ಓದೋವಾಗ್ಲೇ ಕೈ ನಡುಗ್ತಿದ್ರೆ ಈ ಭಾಗಕ್ಕೆ ಎಲೆಕ್ಟ್ರಿಷಿಯನ್ ಕರೀರಿ, ಅದರಲ್ಲಿ ಯಾವ ಮರ್ಯಾದೆ ಪ್ರಶ್ನೆನೂ ಇಲ್ಲ.

ಆಮೇಲೆ ಸೀಲಿಂಗಿಂದ ಬರೋ ಎರಡು ಲೀಡ್ ವೈರ್ ಬಿಡಿಸಿ, ಮಧ್ಯ ಓಮ್ ಅಳೀರಿ. 240 ವೋಲ್ಟಿಗೆ 1,800 ವ್ಯಾಟ್ ಅಂದ್ರೆ 240ನ್ನ 240ರಿಂದ ಗುಣಿಸಿ 1,800ರಿಂದ ಭಾಗಿಸಿ, 32 ಓಮ್ ಬರತ್ತೆ. ನಿಮ್ಮದು ಅದರ ಹತ್ತಿರ ಬಂದ್ರೆ ಆರೋಗ್ಯವಾಗಿದೆ. ಓಎಲ್ (OL, ಅಂದ್ರೆ ಎರಡರ ಮಧ್ಯ ಸಂಪರ್ಕವೇ ಇಲ್ಲ) ಅಂತ ಬಂದ್ರೆ ಈಗಾಗ್ಲೇ ತುಂಡಾಗಿದೆ. ಪ್ರತಿ ಲೀಡಿಂದ ಅರ್ತ್‌ಗೂ ಅಳೀರಿ, ಅಲ್ಲಿ ಓಎಲ್ ಬರಬೇಕು. ಮಾಮೂಲಿ ಮಲ್ಟಿಮೀಟರ್ ಕಡಿಮೆ ವೋಲ್ಟೇಜಲ್ಲಿ ಅಳೆಯೋದ್ರಿಂದ ಸಣ್ಣ ತರಚು ಗಾಯ ಕಾಣ್ಸಲ್ಲ, ಇನ್ಸುಲೇಶನ್ ಪಕ್ಕಾ ನೋಡ್ಬೇಕು ಅಂದ್ರೆ ಎಲೆಕ್ಟ್ರಿಷಿಯನ್ ಹತ್ರ ಇರೋ, ಜಾಸ್ತಿ ವೋಲ್ಟೇಜ್ ಕೊಟ್ಟು ಅಳೆಯೋ ಮೆಗ್ಗರ್ ಅನ್ನೋ ಮೀಟರೇ ಬೇಕು. ದೊಡ್ಡ ರೂಮಲ್ಲಿ ಎರಡು ಕೇಬಲ್ ಇರಬಹುದು, ಎರಡನ್ನೂ ಬೇರೆಬೇರೆ ಅಳೀರಿ.

ಮ್ಯಾಪ್ ಮಾಡೋದು, ಅಸಲಿ ಕೆಲಸ ಇದು

ಥರ್ಮಲ್ ಕ್ಯಾಮೆರಾ ಬೇಕು, ಅಂದ್ರೆ ಎಲ್ಲಿ ಎಷ್ಟು ಬಿಸಿ ಅಂತ ಬಣ್ಣದಲ್ಲಿ ತೋರಿಸೋ ಕ್ಯಾಮೆರಾ. ಫೋನಿಗೆ ಸಿಕ್ಕಿಸೋ ಸಣ್ಣದಾದ್ರೂ ನಡಿಯತ್ತೆ, ಬಾಡಿಗೆಗೆ ಸಿಕ್ಕಿದ್ರೆ ಇನ್ನೂ ಒಳ್ಳೇದು. ಇದಿಲ್ಲದೆ ಮಾಡೋ ದಾರಿ ಇದ್ಯಾ ಅಂತ ಕೇಳ್ತಾರೆ, ನನ್ನ ಪ್ರಕಾರ ಇಲ್ಲ. ಬೋರ್ಡ್ ಹಿಂದಿರೋ ಮರ ಹುಡುಕೋ ಸ್ಟಡ್ ಫೈಂಡರ್‌ನಲ್ಲಿ ಕರೆಂಟ್ ತೋರಿಸೋ ಲೈಟ್ ಇರತ್ತಲ್ಲ, ಅದು ಇಡೀ ಸೀಲಿಂಗಲ್ಲಿ ಎಲ್ಲಿಟ್ಟರೂ ಉರಿಯತ್ತೆ, ಯಾಕಂದ್ರೆ ಎಲ್ಲಾ ಕಡೆ ಕೇಬಲ್ ಇದೆ. ಪೆನ್ ಟೆಸ್ಟರ್ ಕಥೆನೂ ಅಷ್ಟೇ, ಎಲ್ಲಾ ಕಡೆ ಕಿರುಚತ್ತೆ. ಸ್ಪ್ರೇ ಬಾಟಲಲ್ಲಿ ನೀರು ಚಿಮುಕಿಸಿ ಎಲ್ಲಿ ಬೇಗ ಒಣಗತ್ತೆ ನೋಡೋ ಉಪಾಯ ಒಂದಿದೆ, ಆದ್ರೆ ಆನ್ ಆಗಿರೋ ಹಳೇ ಕೇಬಲ್ ಕೆಳಗೆ ನಿಂತು ನೀರು ಎರಚೋದಕ್ಕೆ ನಾನಂತೂ ತಯಾರಿಲ್ಲ.

ಓಮ್ ಅಳೆದಾದ ಮೇಲೆ ವೈರ್ ವಾಪಸ್ ಜೋಡಿಸಿ, ಥರ್ಮೋಸ್ಟಾಟ್ ಮುಚ್ಚಿ, ರಾತ್ರಿಯಿಡೀ ಹೀಟರ್ ಆಫ್ ಇಡಿ, ಸೀಲಿಂಗ್ ಪೂರ್ತಿ ರೂಮಿನ ಬಿಸಿಗೆ ಇಳೀಬೇಕು. ಬೆಳಿಗ್ಗೆ ಥರ್ಮೋಸ್ಟಾಟ್ ಮೇಲಕ್ಕೆ ತಿರುಗಿಸಿ, ಐದೈದು ನಿಮಿಷಕ್ಕೆ ಒಂದು ಫೋಟೋ ತೆಗೀರಿ. ಮೊದ್ಲು ಏನೂ ಕಾಣಲ್ಲ, ಸ್ವಲ್ಪ ಹೊತ್ತಿಗೆ ಮಸುಕಾಗಿ ಗೆರೆಗಳು ಏಳತ್ತೆ, ಆಮೇಲೆ ಬಾಚಣಿಗೆ ಹಲ್ಲಿನ ಥರ ಸ್ಪಷ್ಟವಾಗಿ ನಿಲ್ಲತ್ತೆ. ಆ ಹೊತ್ತೇ ಮುಖ್ಯ. ಇನ್ನೂ ಬಿಟ್ರೆ ಬಿಸಿ ಅಕ್ಕಪಕ್ಕಕ್ಕೆ ಹರಡಿ ಎಲ್ಲಾ ಕಲಸಿಹೋಗಿ ಇಡೀ ಸೀಲಿಂಗ್ ಒಂದೇ ಬಣ್ಣ ಆಗೋಗತ್ತೆ, ಮತ್ತೆ ತಣ್ಣಗಾಗೋವರೆಗೆ ಕಾಯ್ಬೇಕು. ಬೇಸಿಗೇಲಿ ರೂಮೇ ಬಿಸಿಯಿದ್ರೆ ಥರ್ಮೋಸ್ಟಾಟ್ ಆನೇ ಆಗಲ್ಲ, ತಂಪಾಗಿರೋ ದಿನ ನೋಡ್ಕೊಳ್ಳಿ.

ಫೋಟೋದಲ್ಲಿ ಕಂಡ ಗೆರೆ ಸೀಲಿಂಗಲ್ಲಿ ಎಲ್ಲಿದೆ ಅಂತ ಹೊಂದಿಸೋದೇ ದೊಡ್ಡ ತಲೆನೋವು. ಇದಕ್ಕೊಂದು ಸುಲಭದ ದಾರಿ: ಅಲ್ಯೂಮಿನಿಯಂ ಫಾಯಿಲ್ ಟೇಪಿನ ಸಣ್ಣ ಚೂರು ಕತ್ತರಿಸಿ, ಹುಕ್ ಬೇಕಾಗಿರೋ ಜಾಗದ ಸುತ್ತ 300 ಮಿಮೀಗೆ ಒಂದರಂತೆ ಅಂಟಿಸಿ. ಫಾಯಿಲ್ ಬಿಸಿ ಹೊರಗೆ ಸೂಸೋದು ತೀರಾ ಕಮ್ಮಿ, ಹಾಗಾಗಿ ಕ್ಯಾಮೆರಾದಲ್ಲಿ ಅದು ಸುತ್ತಲಿನದಕ್ಕಿಂತ ಬೇರೆ ಬಣ್ಣದ ಚುಕ್ಕಿಯಾಗಿ ಎದ್ದು ಕಾಣತ್ತೆ. ಈಗ ಗೆರೆ ಯಾವ ಚುಕ್ಕಿಯಿಂದ ಎಷ್ಟು ದೂರ ಅಂತ ಫೋಟೋದಲ್ಲೇ ಅಳೀಬಹುದು. ಹುಕ್ಕಿನ ಜಾಗದ ನೇರ ಕೆಳಗೇ ನಿಂತು ಕ್ಯಾಮೆರಾ ಹಿಡೀಬೇಡಿ, ಮಿಂಚೋ ಪೇಂಟ್ ಆಗಿದ್ರೆ ನಿಮ್ಮ ತಲೆ ಬಿಸಿನೇ ಪ್ರತಿಫಲಿಸಿ ಅಲ್ಲೇನೋ ಇದೆ ಅನ್ಸತ್ತೆ, ಸ್ವಲ್ಪ ಓರೆಯಾಗಿ ನಿಂತ್ಕೊಳ್ಳಿ. ಗೆರೆ ಸ್ಪಷ್ಟ ಇರೋವಾಗ್ಲೇ ಇನ್ನೊಬ್ಬರು ಏಣಿ ಹತ್ತಿ, ನೀವು ಹೇಳಿದ ಕಡೆ ಪೆನ್ಸಿಲ್ ಗುರುತು ಹಾಕಿದ್ರೆ ಇನ್ನೂ ಒಳ್ಳೇದು, ನಮ್ಮನೇಲಿ ಅದು ಅರ್ಧ ಗಂಟೆ ಜಗಳದಲ್ಲಿ ಮುಗೀತು ಆದ್ರೆ ಗುರುತು ಮಾತ್ರ ಸರಿಯಾಗಿ ಬಿತ್ತು.

ಸಾಲುಗಳ ಮಧ್ಯ ಎಲ್ಲಿ ಅಗಲವಾದ ಖಾಲಿ ಪಟ್ಟಿ ಕಾಣತ್ತೋ ಅಲ್ಲಿ ಜಂತೆ ಇರಬೇಕು. ಅದನ್ನ ಬೇರೆ ದಾರೀಲಿ ಖಾತ್ರಿ ಮಾಡ್ಕೊಳ್ಳಿ: ಗಟ್ಟಿ ಆಯಸ್ಕಾಂತ ಆಡಿಸಿದ್ರೆ ಬೋರ್ಡಿನ ಸ್ಕ್ರೂ ಮೊಳೆಗಳು ಒಂದೇ ನೇರಕ್ಕೆ ಸಿಗತ್ತೆ, ಕೇಬಲ್ ಸ್ಟೇಪಲ್‌ಗಳೂ ಒಮ್ಮೊಮ್ಮೆ ಎಳೆಯತ್ತೆ, ಅದಕ್ಕೆ ಒಂದು ಕಡೆ ಅಂಟಿದ ತಕ್ಷಣ ನಂಬದೆ ಮೂರು ನಾಲ್ಕು ಕಡೆ ನೋಡಿ. ಅಟ್ಟದಿಂದ ಹೋಗಿ ಜಂತೆ ನೋಡೋಕಾದ್ರೆ ಅಳತೆ ಅಲ್ಲಿಂದಲೇ ತಗೊಳ್ಳಿ. ಕ್ಯಾಮೆರಾ ಹೇಳೋದು, ಆಯಸ್ಕಾಂತ ಹೇಳೋದು, ಅಟ್ಟದ ಅಳತೆ ಮೂರೂ ಒಂದೇ ಜಾಗ ತೋರಿಸಿದ್ರೆ ಮುಂದೆ ಹೋಗಿ, ಒಂದು ಒಪ್ಪದಿದ್ರೂ ನಿಲ್ಸಿ.

ಆ ರೂಮಿನ ಹೀಟರ್ ಮೊದಲೇ ಕೆಟ್ಟಿದೆ ಅಂದ್ರೆ ಕ್ಯಾಮೆರಾದಲ್ಲಿ ಏನೂ ಕಾಣಲ್ಲ, ಹಾಗಂತ ವೈರಲ್ಲಿ ಕರೆಂಟ್ ಇಲ್ಲ ಅಂತಲ್ಲ. ಎಲೆಕ್ಟ್ರಿಷಿಯನ್ ಬಂದು ಪ್ಯಾನೆಲ್‌ನಲ್ಲೇ ಆ ಲೈನ್ ಬಿಡಿಸಿ ಕೊಟ್ಟ ಮೇಲೆ ಮಾತ್ರ ಮುಟ್ಟಿ.

ಹುಕ್ಕಿನ ಉದ್ದ

ಮಾಮೂಲಿ ಸೀಲಿಂಗ್ ಹುಕ್ಕಿನ ಮರೆ (ಸ್ಕ್ರೂ ಥರ ಸುತ್ತು ಇರೋ ಭಾಗ) 40 ಮಿಮೀ ಇರತ್ತೆ ಅನ್ನಿ. ಇಲ್ಲಿ ಬೋರ್ಡು 13, ಮೇಲೆ ಪ್ಲಾಸ್ಟರ್ ಅಥವಾ ಇನ್ನೊಂದು ಬೋರ್ಡು 13, ಒಟ್ಟು 26 ಮಿಮೀ ದಾಟಿದ ಮೇಲೆ ಮರ ಸಿಗೋದು. ಅಂದ್ರೆ ಆ ಹುಕ್ಕು ಮರದೊಳಗೆ ಹೋಗೋದು ಬರೀ 14 ಮಿಮೀ, ಸೈಕಲ್ ಸಮೇತ ಒಂದಿನ ತಲೆ ಮೇಲೆ ಬೀಳತ್ತೆ. ಮರದೊಳಗೇ 40 ಮಿಮೀ ಮರೆ ಕೂರಬೇಕು ಅಂದ್ರೆ ಶ್ಯಾಂಕ್ (ಹುಕ್ಕಿನ ನೇರ ಕಡ್ಡಿ) ಸುಮಾರು 70 ಮಿಮೀ ಇರೋ ಹುಕ್ ತಗೊಳ್ಳಿ. ಅಗಲವಾದ ರೆಕ್ಕೆ ಬಿಚ್ಚೋ ಟಾಗಲ್ ಬೋಲ್ಟು, ಪ್ಲಾಸ್ಟಿಕ್ ಆ್ಯಂಕರು ಇವನ್ನ ಈ ಸೀಲಿಂಗಿಗೆ ತರಲೇಬೇಡಿ, ಅವು ಜಂತೆ ಇಲ್ಲದ ಕಡೆಗೇ ಅಂತ ಮಾಡಿರೋದು, ಆ ಕಡೆನೇ ಕೇಬಲ್ ಇರೋದು. ಅಂಟಿಸೋ ಹುಕ್ಕೂ ಬೇಡ, ಸೀಲಿಂಗ್ ಬಿಸಿಗೆ ಗೋಂದು ಮೆತ್ತಗಾಗಿ ಜಾರಿ ಬಿದ್ದೋಗತ್ತೆ.

ಈಗ ತೂತು

ಹಳೇ ಮನೆ ಆಗಿದ್ರೆ, ಅದ್ರಲ್ಲೂ ಸೀಲಿಂಗ್ ಮೇಲೆ ಅರಳುಹುಡಿ ಅಂಟಿಸಿದಂಗೆ ಉಬ್ಬುಉಬ್ಬಾದ ಫಿನಿಶ್ ಇದ್ರೆ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಲ್ಯಾಬಲ್ಲಿ ಟೆಸ್ಟ್ ಮಾಡಿಸದೆ ಕೆರೆಯೋದಾಗ್ಲಿ ತೂತು ಹಾಕೋದಾಗ್ಲಿ ಬೇಡ, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ.

ಬ್ರೇಕರ್ ಮತ್ತೆ ಆಫ್, ಮತ್ತೆ ಮೀಟರ್ ಹಿಡಿದು ಖಾತ್ರಿ. ಆ ರೂಮಿನ ಲೈಟ್ ಲೈನೂ ಆಫ್ ಮಾಡಿ, ಬ್ಯಾಟರಿ ಡ್ರಿಲ್ ಬಳಸಿ. ಕನ್ನಡಕ, ಮಾಸ್ಕು ಹಾಕ್ಕೊಳ್ಳಿ.

ಮೊದಲ 26 ಮಿಮೀ ನಾನು ಡ್ರಿಲ್ಲಲ್ಲಿ ಹೋಗಲ್ಲ, ಕೈಯಲ್ಲಿ ಹೋಗ್ತೀನಿ. ಚೂಪಾದ ಚಾಕು ಅಥವಾ ಸಣ್ಣ ಉಳಿ ತಗೊಂಡು ಗುರುತಿನ ಮೇಲೆ 10 ಮಿಮೀ ಅಗಲಕ್ಕೆ ಪ್ಲಾಸ್ಟರನ್ನ ಸ್ವಲ್ಪ ಸ್ವಲ್ಪವೇ ಕೆರೀತಾ ಹೋಗ್ತೀನಿ, ಒತ್ತಿ ತಿವಿಯಲ್ಲ. ಪ್ಲಾಸ್ಟರ್ ಪುಡಿಪುಡಿಯಾಗಿ ಉದುರತ್ತೆ, ಮಧ್ಯದಲ್ಲಿ ರಬ್ಬರಿನ ಥರ ಏನಾದ್ರೂ ತಡೆದ್ರೆ ಅಲ್ಲೇ ಕೈ ನಿಲ್ಲತ್ತೆ, ಟಾರ್ಚ್ ಬಿಟ್ಟು ನೋಡ್ತೀನಿ. ಡ್ರಿಲ್ ಆಗಿದ್ರೆ ನಿಮಗೆ ಗೊತ್ತಾಗೋಷ್ಟರಲ್ಲಿ ಕೇಬಲ್ ಬಿಟ್ಟಿಗೆ ಸುತ್ಕೊಂಡಿರತ್ತೆ. ಮರ ಕಂಡ ಮೇಲೆ ಮಾತ್ರ ಡ್ರಿಲ್: 6 ಮಿಮೀ ಹುಕ್ಕಿಗೆ ಮೆದು ಮರದಲ್ಲಿ 4 ಮಿಮೀ ಬಿಟ್ಟು, ಬೇಕಾದ ಆಳಕ್ಕೆ ಟೇಪ್ ಸುತ್ತಿ ಗುರುತು ಮಾಡಿ, ನೇರ ಮೇಲಕ್ಕೆ, ಓರೆ ಆಗ್ಬಾರ್ದು. ಹುಕ್ಕಿನ ಮರೆಗೆ ಸ್ವಲ್ಪ ಸೋಪು ಸವರಿ ಕೈಯಲ್ಲೇ ತಿರುಗಿಸಿ. ಕೊನೇ ಎರಡು ಸುತ್ತು ಬಿಗಿಯಾಗ್ಬೇಕು, ಸಡಿಲವಾಗಿ ಸುತ್ತಿದ್ರೆ ಜಂತೆ ಅಂಚಿಗೆ ಹೋಗಿದೆ ಅಂತ ಅರ್ಥ, ತೆಗೆದು ಮತ್ತೆ ನೋಡಿ.

ಪ್ರತಿ ಹುಕ್ ಆದ ಮೇಲೂ ಓಮ್ ಅಳೀರಿ, ನಾಲ್ಕೂ ಮುಗಿದ ಮೇಲೆ ಒಂದೇ ಸಲ ಅಲ್ಲ. 32 ಇದ್ದಿದ್ದು 32 ಇದ್ಯಾ, ಅರ್ತ್‌ಗೆ ಓಎಲ್ ಇದ್ಯಾ. ಹುಕ್ಕಿಗೂ ಲೀಡಿಗೂ ಮಧ್ಯ ಒಂದು ಸಲ ಹಿಡೀರಿ, ಅಲ್ಲೂ ಓಎಲ್ಲೇ ಬರ್ಬೇಕು.

ತೂತು ಕಮ್ಮಿ ಮಾಡೋ ಉಪಾಯ

ಹುಕ್ ಜಾಸ್ತಿ ಬೇಕಿದ್ರೆ ಒಂದೊಂದಕ್ಕೂ ಸೀಲಿಂಗ್ ಕೊರೆಯೋ ಬದ್ಲು 38 ಮಿಮೀ ದಪ್ಪದ ಮರದ ಪಟ್ಟಿಯನ್ನ ಮೂರು ಜಂತೆಗೆ ಅಡ್ಡಲಾಗಿ ಕೂರಿಸಿ, ಜಂತೆ ಇರೋ ಕಡೆ ಮಾತ್ರ ಸ್ಕ್ರೂ. ಆಮೇಲೆ ಹುಕ್‌ಗಳೆಲ್ಲ ಪಟ್ಟಿಗೇ, 30 ಮಿಮೀ ಮರೆಯವು, ತುದಿ ಪಟ್ಟಿ ದಾಟಿ ಸೀಲಿಂಗ್ ಮುಟ್ಟಬಾರದು. ಪಟ್ಟಿಯನ್ನ ಸೀಲಿಂಗಿಗೆ ಅಂಟಿಸಿ ಬಿಗೀಬೇಡಿ, ಕೇಬಲ್ ಬಿಸಿ ಹೊರಗೆ ಹೋಗೋಕಾಗದೆ ಅಲ್ಲೇ ಕಟ್ಕೊಳ್ಳತ್ತೆ, ಪ್ರತಿ ಸ್ಕ್ರೂ ಹತ್ರ 10 ಮಿಮೀ ವಾಷರ್ ಇಟ್ಟು ಗಾಳಿ ಆಡೋ ಸಂದು ಬಿಡಿ. ಸ್ಕ್ರೂ ಉದ್ದ: ಪಟ್ಟಿ 38, ಸಂದು 10, ಸೀಲಿಂಗ್ 26, ಮರದೊಳಗೆ 40, ಅಂದ್ರೆ 114, ಹಾಗಾಗಿ 115–120 ಮಿಮೀ ಸ್ಕ್ರೂ.

ಏನು ನೇತುಹಾಕ್ಬಹುದು

ನಾನು ಹುಕ್ಕಿಗೆ 10 ಕೆಜಿ ದಾಟಲ್ಲ. ಮರ ಅದಕ್ಕಿಂತ ಜಾಸ್ತಿ ತಡೆಯತ್ತೆ, ಆದ್ರೆ ಅಟ್ಟ ಸಾಮಾನು ಇಡೋಕೆ ಅಂತ ಕಟ್ಟಿಲ್ಲದ ಮನೆಗಳಲ್ಲಿ ಟ್ರಸ್ಸಿನ (ಚಾವಣಿ ಹೊರೋ ತ್ರಿಕೋನದ ಚೌಕಟ್ಟಿನ) ಕೆಳಗಿನ ಮರ ಸೀಲಿಂಗ್ ಹೊರೋಕೆ ಅಂತ ಮಾತ್ರ ಲೆಕ್ಕ ಹಾಕಿರೋದು, ಭಾರ ಜಾಸ್ತಿ ಇದ್ರೆ ಇಂಜಿನಿಯರ್‌ನ ಕೇಳಿ. ಸಾಮಾನು ಸೀಲಿಂಗಿಗೆ ತಾಗದಂಗೆ ಕೆಳಗೆ ಇಳಿಬಿಡಿ. ರಜಾಯಿ ಹಾಸಿಗೆ ರಟ್ಟಿನ ಡಬ್ಬ ಇಂಥವನ್ನ ಸೀಲಿಂಗಿಗೆ ಒತ್ತಿ ಮುಚ್ಚಿದ್ರೆ ಒಳಗೆ ಬಿಸಿ ಏರ್ತಾ ಹೋಗತ್ತೆ, ಜಿಪ್ಸಮ್ ಬೋರ್ಡು 52 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಕಾಲ ಇದ್ರೆ ಪುಡಿಯಾಗೋಕೆ ಶುರುವಾಗತ್ತೆ. ಸ್ಪ್ರೇ ಡಬ್ಬಿ, ಪೇಂಟು, ಗ್ಯಾಸ್ ಕ್ಯಾನು ಮೇಲೆ ಇಡ್ಲೇಬೇಡಿ.

ಇನ್ನೊಂದು ಮಾತು, ಗೋಡೆ ಖಾಲಿ ಇದ್ರೆ ಗೋಡೆಗೇ ಹಾಕಿ ಸ್ವಾಮಿ. ಗೋಡೆಗೆ ಬ್ರಾಕೆಟ್ಟು ಅಥವಾ ನೆಲದ ಮೇಲೆ ನಿಲ್ಲೋ ರ‍್ಯಾಕು, ಈ ರಗಳೆ ಅರ್ಧಕ್ಕರ್ಧ ಕಮ್ಮಿ. ಒಂದೇ ಎಚ್ಚರ, ಥರ್ಮೋಸ್ಟಾಟಿಂದ ಸೀಲಿಂಗ್ ಕಡೆ ನೇರ ಮೇಲೆ ಹೋಗೋ ಜಾಗ ಬಿಡಿ, ಲೀಡ್ ವೈರ್ ಅಲ್ಲೇ ಏರಿರತ್ತೆ.

ಕೇಬಲ್ ತಾಗಿಬಿಟ್ರೆ

ಬ್ರೇಕರ್ ಆನ್ ಮಾಡ್ಬೇಡಿ, ನೋಡೋಣ ಅಂತ ಒಂದು ನಿಮಿಷಕ್ಕೂ ಬೇಡ. ತುಂಡಾದ ತುದಿ ತಿರುಚಿ ಟೇಪ್ ಸುತ್ತಿ ಮುಚ್ಚೋದು ಇನ್ನೂ ಅಪಾಯ, ಆ ಜೋಡಣೆ ಪ್ಲಾಸ್ಟರ್ ಒಳಗೆ ಕಾದು ಕಾದು ಕೊನೆಗೆ ಸುಡತ್ತೆ. ಈ ಕೇಬಲ್‌ಗೆ ಅಂತಲೇ ರಿಪೇರಿ ಕಿಟ್ ಇದೆ, ಎಲೆಕ್ಟ್ರಿಷಿಯನ್ ಜಾಗ ಅಗೆದು ಜೋಡಿಸಿ ಮತ್ತೆ ಪ್ಲಾಸ್ಟರ್ ಮಾಡ್ತಾರೆ. ತೂತು ಎಲ್ಲಿ ಹಾಕಿದ್ರಿ ಅಂತ ಮುಚ್ಚಿಡದೆ ತೋರಿಸಿ, ಅವರ ಅರ್ಧ ದಿನ ಉಳಿಯತ್ತೆ. ನಮ್ಮ ಗಿಡದ ಹುಕ್ಕಿನ ರೂಮು ಹಾಗೇ ಸರಿಯಾಯ್ತು, ರಿಪೇರಿ ಆದ ಜಾಗದಲ್ಲಿ ಬಣ್ಣ ಇವತ್ತಿಗೂ ಒಂಚೂರು ಬೇರೆ ಕಾಣತ್ತೆ.

ಎಲ್ಲಾ ಸರಿಯಾಗಿ ಮುಗಿದ್ರೆ ಥರ್ಮಲ್ ಫೋಟೋ ಪ್ರಿಂಟ್ ಹಾಕಿ, ಅದರ ಮೇಲೆ ಓಮ್ ಅಂಕಿ, ತಾರೀಕು, ಹುಕ್ ಜಾಗ ಬರೆದು ಬ್ರೇಕರ್ ಬಾಕ್ಸ್ ಬಾಗಿಲ ಒಳಗಡೆ ಅಂಟಿಸಿ. ನಮ್ಮನೆ ಬಾಗಿಲಲ್ಲಿ ಈಗ ಮೂರು ರೂಮಿಂದು ಇದೆ, ನಾಲ್ಕನೇದಕ್ಕೆ ಚಳಿ ಬರ್ಲಿ ಅಂತ ಕಾಯ್ತಿದೀನಿ.